ತಾಯಿಯ ಎಲೆ

ಬೇಲೂರಿನಿಂದ ಹಳೇಬೀಡಿನ ಮಾರ್ಗವಾಗಿ ಅರಸೀಕೆರೆಯ ಕಡೆಗೆ ಪ್ರಯಾಣ ಮಾಡತಕ್ಕವರಿಗೆ ಕೆಲವೇ ಹರಿದಾರಿಗಳೊಳಗೆ ನೆಲದ ಬಣ್ಣವೂ ಊಟದ ಎಲೆಯೂ ಬದಲಾಗುವುದು ಕಾಣುತ್ತದೆ. ಬೇಲೂರಿನ ಪಶ್ಚಿಮಕ್ಕೆ ಮಲೆನಾಡಿನ ಮಳೆ, ಗದ್ದೆ, ಅನ್ನ. ಅರಸೀಕೆರೆಯ ಕಡೆಗೆ ಬಯಲು, ತೆಂಗು, ರಾಗಿ. ಈ ಎರಡರ ನಡುವಣ ಸೀಮೆಯಲ್ಲಿ, ಹಳೇಬೀಡಿಗೆ ಸಮೀಪದಲ್ಲಿ, ಹುಲಿಕೆರೆ ಎಂಬ ಗ್ರಾಮವಿದೆ. ಅಲ್ಲಿಯ ಕಲ್ಯಾಣಿಯ ಹೆಸರನ್ನು ಕೇಳದವರು ವಿರಳ. ಹೊಯ್ಸಳ ಒಂದನೆಯ ನರಸಿಂಹನ ಆಳಿಕೆಯಲ್ಲಿ, ೧೧೬೦ರ ಸುಮಾರಿಗೆ ಕಟ್ಟಿಸಿದುದು ಅದು. ಇಳಿದು ಹೋಗುವ ಸೋಪಾನಗಳು, ಅವುಗಳ ನಡುವೆ ಕಡೆದು ನಿಲ್ಲಿಸಿದ ಸಣ್ಣ ಸಣ್ಣ ಗುಡಿಗಳು, ಕೆಳಗೆ ನೀರು. ಬಂದವರು ಕಲ್ಲಿನ ಕೆಲಸವನ್ನು ಹೊಗಳಿ ಹೋಗುತ್ತಾರೆ. ಊರಿನ ಅಡಿಗೆಮನೆಯನ್ನು ನೋಡಬೇಕೆಂದು ಬರತಕ್ಕವರು ಯಾರೂ ಇಲ್ಲ. ಆದರೆ ವಿಚಾರ ಮಾಡತಕ್ಕ ಸಂಗತಿಗಳು ಅಲ್ಲಿಯೂ ಉಂಟು.

ಆ ಊರಿನ ಒಂದು ಮನೆ. ಮನೆಯ ಯಜಮಾನರಿಗೆ ಐವತ್ತೊಂಬತ್ತು ವರ್ಷ. ಬಡಕಲು ಮೈ, ಯೌವನದಲ್ಲಿಯೂ ಅವರ ಹೊಟ್ಟೆ ಪಂಚೆಯ ಅಂಚನ್ನು ಮೀರಿದುದಿಲ್ಲ. ಮದ್ಯಪಾನವಿಲ್ಲ, ಬೀಡಿಯಿಲ್ಲ. ಎರಡು ಹೊತ್ತು ರಾಗಿಯ ಮುದ್ದೆ, ಹುರುಳಿಯ ಸಾರು, ಒಂದು ಲೋಟ ಮಜ್ಜಿಗೆ, ಇಷ್ಟರಲ್ಲಿ ತೃಪ್ತರು. ಇಂಥವರು ಕಳೆದ ಬೇಸಗೆಯಲ್ಲಿ ಹೊಲದ ಬದುವಿನ ಮೇಲೆ ಎದೆಯನ್ನು ಹಿಡಿದುಕೊಂಡು ಕುಳಿತರು. ಆಸ್ಪತ್ರೆಯಲ್ಲಿ ಪರೀಕ್ಷಿಸಿದ ವೈದ್ಯರು, ಹೃದಯದ ರಕ್ತನಾಳವೊಂದು ಕಟ್ಟಿದೆಯೆಂದೂ ರಕ್ತದಲ್ಲಿ ಸಕ್ಕರೆಯ ಅಂಶವೂ ಮೇರೆಯ ಹತ್ತಿರಕ್ಕೆ ಬಂದಿದೆಯೆಂದೂ ಹೇಳಿದರು. ದೈವಕೃಪೆಯಿಂದ ಪ್ರಾಣಕ್ಕೆ ಅಪಾಯವಾಗಲಿಲ್ಲ. ಮನೆಗೆ ಬಂದ ಮೇಲೆ ಕಷ್ಟವಾದುದು ರೋಗದಿಂದಲ್ಲ, ಲೋಕದ ಮಾತಿನಿಂದ. ನೋಡಲು ಬಂದ ನಂಟರಲ್ಲಿ ಒಬ್ಬರು, 'ಗುಟ್ಟಾಗಿ ಏನೇನು ತಿನ್ನುತ್ತಿದ್ದನೋ' ಎಂದರು. ಇನ್ನೊಬ್ಬರು, 'ಮದುವೆಮನೆಗಳಲ್ಲಿ ಒಬ್ಬಟ್ಟಿನ ಮೇಲೆ ಕೈ ಜೋರಾಗಿತ್ತು' ಎಂದು ನೆನೆದರು. ಸಿರಿವಂತರ ರೋಗ, ತಿಂದು ಕೂತವರ ರೋಗ, ಎಂದು ಹೆಸರಾದ ವ್ಯಾಧಿ ಉಳುವವನಿಗೆ ಬಂದರೆ ಆತನು ರೋಗಿಯಾಗುವುದಲ್ಲದೆ ಅಪರಾಧಿಯೂ ಆಗುತ್ತಾನೆ.

ಪ್ರಾಚೀನರು ಈ ವಿಷಯದಲ್ಲಿ ಇಷ್ಟು ಆತುರದ ತೀರ್ಪನ್ನು ಕೊಟ್ಟವರಲ್ಲ. ಸುಶ್ರುತಸಂಹಿತೆಯು ಪ್ರಮೇಹವನ್ನು ಎರಡು ಬಗೆಯಾಗಿ ಹೇಳುತ್ತದೆ: ಅಪಥ್ಯದಿಂದ ಬಂದುದು ಒಂದು, ಸಹಜವಾದುದು ಇನ್ನೊಂದು. ಸಹಜವೆಂದರೆ ಹುಟ್ಟಿನೊಡನೆ, ತಾಯಿತಂದೆಗಳ ಬೀಜದಿಂದ ಬಂದುದು, ಅಂಥವನು ಕೃಶನಾಗಿರುತ್ತಾನೆ. ಚರಕನೂ ಸ್ಥೂಲನಾದ ಪ್ರಮೇಹಿಯೊಬ್ಬ, ಕೃಶನಾದವನು ಇನ್ನೊಬ್ಬ ಎಂದು ಬೇರ್ಪಡಿಸಿ, ಮೊದಲನೆಯವನಿಗೆ ಶೋಧನವನ್ನೂ ಎರಡನೆಯವನಿಗೆ ಪುಷ್ಟಿಯನ್ನೂ ವಿಧಿಸಿದ್ದಾನೆ. ಅವರು ಪ್ರಮೇಹವೆಂದುದು ಈಗಿನ ಮಧುಮೇಹಕ್ಕೆ ಎಲ್ಲ ಅಂಶಗಳಲ್ಲಿಯೂ ಸರಿಹೊಂದುತ್ತದೆಂದು ಹೇಳಲಾಗದು. ಆದರೂ, ರೋಗಿಯ ತಟ್ಟೆಯನ್ನು ಮಾತ್ರ ನೋಡಿದರೆ ಸಾಲದು, ಆತನು ಹುಟ್ಟುವುದಕ್ಕೆ ಮುಂಚಿನ ಕಥೆಯನ್ನೂ ಕೇಳಬೇಕೆಂಬ ಸೂಚನೆ ಆ ವಿಭಾಗದಲ್ಲಿ ಅಡಗಿದೆ. ಆ ಸೂಚನೆಯನ್ನು ಲೆಕ್ಕದ ಮೂಲಕ ಪರಿಶೀಲಿಸಿದ ಕಾರ್ಯ ಹುಲಿಕೆರೆಗೆ ಬಹು ದೂರವಲ್ಲದ ಮೈಸೂರಿನಲ್ಲಿಯೇ ನಡೆಯಿತು.

ಯಜಮಾನರ ಮಗಳು ಮೈಸೂರಿನಲ್ಲಿ ವಿಜ್ಞಾನದ ವ್ಯಾಸಂಗ ಮಾಡುತ್ತಿರತಕ್ಕವಳು. ತಂದೆಯ ಅಸ್ವಾಸ್ಥ್ಯದ ಸುದ್ದಿ ಕೇಳಿ ಅರಸೀಕೆರೆಯವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರಿದವಳು, ರಾತ್ರಿ ಹಜಾರದಲ್ಲಿ ಎಲ್ಲರೂ ಕುಳಿತಿದ್ದಾಗ, ತಾನು ಓದಿದ ಈ ಸಂಶೋಧನೆಯ ಕಥೆಯನ್ನು ಹೇಳಿದಳು. ಕಥೆ ಹೀಗಿದೆ.

ಇಂಗ್ಲೆಂಡಿನ ಸೌತಾಂಪ್ಟನ್ ನಗರದಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯಪಂಡಿತರಿದ್ದರು, ೨೦೧೩ರಲ್ಲಿ ತೀರಿಕೊಂಡರು. ಒಂದು ಕಾಲದಲ್ಲಿ ಹಸುಳೆಗಳ ಮರಣ ಹೆಚ್ಚಾಗಿದ್ದ ಬಡ ಪ್ರಾಂತಗಳಲ್ಲಿಯೇ, ಹಲವು ದಶಕಗಳ ಅನಂತರ, ಹೃದ್ರೋಗದಿಂದ ಸಾಯತಕ್ಕವರೂ ಹೆಚ್ಚು ಎಂಬ ವಿಚಿತ್ರವನ್ನು ಅವರು ೧೯೮೬ರಲ್ಲಿ ತೋರಿಸಿದರು. ಹೃದ್ರೋಗವು ಸಮೃದ್ಧಿಯ ಫಲವಾದರೆ ಬಡತನದ ನೆಲದಲ್ಲಿ ಏಕೆ ಹೆಚ್ಚಬೇಕು? ಉತ್ತರ ಹುಡುಕಲು ಹುಟ್ಟಿದಾಗಿನ ತೂಕದ ಹಳೆಯ ಲೆಕ್ಕಗಳು ಬೇಕಾಗಿದ್ದವು. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ ಅವು ದೊರೆತವು. ೧೯೧೧ರಿಂದ ಆ ಪ್ರಾಂತದ ಸೂಲಗಿತ್ತಿಯರೂ ದಾದಿಯರೂ ಮನೆಮನೆಗೆ ಹೋಗಿ, ಪ್ರತಿಯೊಂದು ಮಗುವಿನ ಹುಟ್ಟುತೂಕವನ್ನೂ ಒಂದು ವರ್ಷದ ತೂಕವನ್ನೂ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಎತೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಅಧಿಕಾರಿಣಿ ಅವರ ಮೇಲ್ವಿಚಾರಣೆ ಮಾಡುತ್ತಿದ್ದಳು. ೧೯೧೧ರಿಂದ ೧೯೩೦ರವರೆಗೆ ಹುಟ್ಟಿದ ೫೬೫೪ ಗಂಡಸರ ವೃತ್ತಾಂತವನ್ನು ಆ ಪುಸ್ತಕಗಳೊಡನೆ ಹೋಲಿಸಿ ನೋಡಿದಾಗ, ಹುಟ್ಟುವಾಗಲೂ ಒಂದು ವರ್ಷದಲ್ಲಿಯೂ ಹಗುರವಾಗಿದ್ದವರಲ್ಲಿ ಹೃದ್ರೋಗದ ಮರಣ ಹೆಚ್ಚೆಂದು ಕಂಡುಬಂದಿತು. ಇದು ೧೯೮೯ರಲ್ಲಿ ಪ್ರಕಟವಾಯಿತು.

ಆಂಗ್ಲರ ಮಕ್ಕಳ ಮಾತು ಅದು. ಕನ್ನಡನಾಡಿನ ಮಕ್ಕಳ ಸ್ಥಿತಿ ಏನು? ಇದಕ್ಕೆ ಉತ್ತರ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿತ್ತು. ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯತಕ್ಕ ಈ ಆಸ್ಪತ್ರೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೆಂಗಸರ ಮತ್ತು ಮಕ್ಕಳ ಆರೈಕೆಗಾಗಿ ಹುಟ್ಟಿದುದು. ಅಲ್ಲಿಯ ಹೆರಿಗೆಯ ವಿಭಾಗದಲ್ಲಿ ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ಇವನ್ನೆಲ್ಲ ಪುಸ್ತಕಗಳಲ್ಲಿ ಬರೆದು ಜೋಪಾನವಾಗಿ ಇಟ್ಟಿದ್ದರು. ರಾತ್ರಿಯ ಪಾಳಿಯಲ್ಲಿ, ತೂಗುತಟ್ಟೆಯ ಮೇಲೆ ಅಳುವ ಕೂಸನ್ನಿಟ್ಟು ಅಂಕಿಯನ್ನು ಬರೆದುಕೊಂಡ ದಾದಿಗೆ ಇದು ಅರವತ್ತು ವರ್ಷಗಳ ಅನಂತರ ಒಂದು ಶಾಸ್ತ್ರಕ್ಕೆ ಆಧಾರವಾದೀತೆಂದು ತಿಳಿದಿರಲಿಲ್ಲ. ಮಾಡತಕ್ಕ ಕೆಲಸವನ್ನು ಸರಿಯಾಗಿ ಮಾಡಿದಳು, ಅಷ್ಟೆ. ಪಾಠಶಾಲೆಯ ಹಾಜರಿಪುಸ್ತಕದಿಂದ ಹಿಡಿದು ಗ್ರಾಮದ ಕಂದಾಯದ ಲೆಕ್ಕದವರೆಗೆ, ಯಾರೂ ಓದಲಾರರೆಂದು ಭಾವಿಸಿ ಅಸಡ್ಡೆಯಿಂದ ಬರೆಯತಕ್ಕ ಎಲ್ಲರಿಗೂ ಈ ಒಂದು ಪ್ರಸಂಗ ಬುದ್ಧಿವಾದವಾಗಬೇಕು.

ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಎಂಬ ವೈದ್ಯವಿದುಷಿಯೂ ಮೈಸೂರಿನ ವೈದ್ಯರೂ ಜತೆಗೂಡಿ ೧೯೯೦ರ ದಶಕದಲ್ಲಿ ಆ ಪುಸ್ತಕಗಳನ್ನು ಕೈಗೆತ್ತಿಕೊಂಡರು. ಪುಸ್ತಕದಲ್ಲಿದ್ದ ಮಕ್ಕಳು ಆಗ ನಲವತ್ತು ಐವತ್ತು ವರ್ಷದ ಗೃಹಸ್ಥರು, ಗೃಹಿಣಿಯರು. ಆಸ್ಪತ್ರೆಯ ಸುತ್ತಣ ಬಡಾವಣೆಗಳಲ್ಲಿ ಇನ್ನೂ ವಾಸವಾಗಿದ್ದವರನ್ನು ಹುಡುಕಿ ಗುರುತಿಸಿದರು. ಹೀಗೆ ೧೯೩೪ಕ್ಕೂ ೧೯೫೪ಕ್ಕೂ ನಡುವೆ ಹುಟ್ಟಿದ ೫೧೭ ಮಂದಿಯ ಹೃದಯವನ್ನು ಪರೀಕ್ಷಿಸಿದ ಫಲವು ೧೯೯೬ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ಹೊರಬಂದಿತು. ಹುಟ್ಟುವಾಗ ೫.೫ ಪೌಂಡು, ಎಂದರೆ ಸುಮಾರು ಎರಡೂವರೆ ಕಿಲೋಗ್ರಾಂ, ಅಥವಾ ಅದಕ್ಕಿಂತ ಕಡಿಮೆ ತೂಗಿದವರ ಪೈಕಿ ನೂರಕ್ಕೆ ೧೧ ಮಂದಿಗೆ ಹೃದ್ರೋಗವಿತ್ತು. ೭ ಪೌಂಡು ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಮಾತ್ರ. ನಲವತ್ತೈದು ದಾಟಿದವರ ಪೈಕಿ, ಹಗುರವಾಗಿ ಹುಟ್ಟಿ, ತಾಯಿಯ ತೂಕವೂ ೧೦೦ ಪೌಂಡಿಗಿಂತ ಕಡಿಮೆಯಿದ್ದವರಲ್ಲಿ ಅದು ನೂರಕ್ಕೆ ೨೦ಕ್ಕೆ ಏರಿತು. ಎಂದರೆ, ಐವತ್ತು ವರ್ಷದ ಎದೆಯ ನೋವಿನಲ್ಲಿ ಗರ್ಭಿಣಿಯಾದ ತಾಯಿಯ ಮೈಯ ಸೊರಗು ಕೂಡ ಒಂದು ಪಾಲನ್ನು ಪಡೆದಿತ್ತು.

ಇದಕ್ಕೆ ಪಂಡಿತರು ಕೊಡುವ ಕಾರಣ ತಿಳಿಯಲಾರದಷ್ಟು ಗಹನವಲ್ಲ. ಬರಗಾಲದಲ್ಲಿ ಮನೆಯೊಡತಿ ಇರುವ ಹಿಟ್ಟನ್ನು ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಹಂಚುವಂತೆ, ಗರ್ಭದಲ್ಲಿರತಕ್ಕ ಶಿಶುವೂ ದೊರೆತ ಸಾರವನ್ನು ಮೊದಲು ಮೆದುಳಿಗೆ ಕೊಡುತ್ತದೆ. ಮಾಂಸಖಂಡ, ಮೂತ್ರಪಿಂಡ, ಇನ್ಸುಲಿನ್ನನ್ನು ಸ್ರವಿಸುವ ಕಣಗಳು ಮೊದಲಾದವುಗಳಿಗೆ ಉಳಿದುದು ಸಿಕ್ಕುತ್ತದೆ. ಆ ಅವಯವಗಳು ರೂಪುಗೊಳ್ಳತಕ್ಕ ಕಾಲ ಸ್ವಲ್ಪವೇ. ಅದು ಕಳೆದರೆ ಮತ್ತೆ ಬಾರದು. ಕೊರತೆಗೆ ಹೊಂದಿಕೊಂಡು ಕಟ್ಟಿದ ಇಂಥ ದೇಹವು ಕೊರತೆಯಲ್ಲಿಯೇ ಬಾಳಿದರೆ ಹೇಗೋ ನಡೆಯುತ್ತದೆ. ಅದಕ್ಕೆ ಮುಂದೆ ಸಮೃದ್ಧಿ ಒದಗಿದರೆ, ನಯ ಮಾಡಿದ ಅಕ್ಕಿ, ಸಕ್ಕರೆ, ಎಣ್ಣೆ, ಕುಳಿತು ಮಾಡತಕ್ಕ ಕೆಲಸ ಇವು ಸೇರಿದರೆ, ಭಾರವನ್ನು ಹೊರಲಾರದೆ ಕುಸಿಯುತ್ತದೆ.

ಆದರೆ ಶಾಸ್ತ್ರದ ದಾರಿ ನೇರವಾಗಿರುವುದು ಅಪರೂಪ; ಮೈಸೂರಿನ ಸಂಶೋಧಕರ ಪ್ರಾಮಾಣಿಕತೆ ಮೆಚ್ಚತಕ್ಕದ್ದಾಗಿರುವುದು ಇಲ್ಲಿಯೇ. ಅದೇ ಜನರಲ್ಲಿ ಮಧುಮೇಹವನ್ನು ಹುಡುಕಿದಾಗ ಇಂಗ್ಲೆಂಡಿನ ಲೆಕ್ಕ ಇಲ್ಲಿಗೆ ಹೊಂದಲಿಲ್ಲ. ಹಗುರವಾಗಿ ಹುಟ್ಟಿದವರಿಗೆ ಮಧುಮೇಹ ಹೆಚ್ಚಾಗಿರಬೇಕೆಂದು ನಿರೀಕ್ಷೆಯಿತ್ತು. ೧೯೯೮ರಲ್ಲಿ ಅವರು ಪ್ರಕಟಿಸಿದುದು ಬೇರೆ: ಹುಟ್ಟುವಾಗ ಉದ್ದ ಕಡಿಮೆಯಾಗಿ, ಉದ್ದಕ್ಕೆ ಮೀರಿದ ದಪ್ಪವಿದ್ದ ಶಿಶುಗಳಿಗೆ ಮುಂದೆ ಮಧುಮೇಹ ಹೆಚ್ಚು, ಅವರ ತಾಯಂದಿರು ಉಳಿದವರಿಗಿಂತ ಭಾರವಾದವರು. ನಿರೀಕ್ಷೆಗೆ ಹೊಂದದ ಅಂಕಿಯನ್ನು ಮರೆಮಾಡದೆ ಮುಂದಿಟ್ಟರು. ಅಷ್ಟಕ್ಕೆ ನಿಲ್ಲದೆ, ಆ ತಾಯಂದಿರಿಗೆ ಬಸುರಿನಲ್ಲಿಯೇ ಸಕ್ಕರೆಯ ವಿಕಾರವಿದ್ದಿರಬಹುದೇ ಎಂದು ಕೇಳಿಕೊಂಡರು. ಹಳೆಯ ಪುಸ್ತಕಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹೊಸ ಪುಸ್ತಕವನ್ನು ತೆರೆಯಬೇಕಾಯಿತು.

ತೆರೆದರು. ೧೯೯೭ ಮತ್ತು ೧೯೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಲ್ಲಿ ೮೩೦ ಮಂದಿಗೆ ಮೂವತ್ತನೆಯ ವಾರದ ಸುಮಾರಿನಲ್ಲಿ ಸಕ್ಕರೆಯ ಪರೀಕ್ಷೆ ಮಾಡಿದರು. 'ಪಾರ್ಥೆನಾನ್' ಎಂಬ ಹೆಸರಿನ ಈ ಅಧ್ಯಯನದಲ್ಲಿ ಡಾ॥ ಜಿ. ವಿ. ಕೃಷ್ಣವೇಣಿಯವರೂ ಅವರ ಸಂಗಡಿಗರೂ ವರ್ಷ ವರ್ಷವೂ ಪಟ್ಟ ಶ್ರಮ ದೊಡ್ಡದು. ಹುಟ್ಟಿದ ಮಕ್ಕಳನ್ನು ಬಿಡದೆ ಕರೆಸಿ, ತೂಗಿ, ಅಳೆದು, ಶಾಲೆಗೆ ಹೋಗುವ ವಯಸ್ಸಿನವರೆಗೂ ಅದರ ಆಚೆಗೂ ನೋಡುತ್ತ ಬಂದರು. ನೂರಕ್ಕೆ ಆರರಷ್ಟು ತಾಯಂದಿರಿಗೆ ಬಸುರಿನ ಮಧುಮೇಹವಿದ್ದುದು ಕಂಡುಬಂದಿತು. ಅವರ ಮಕ್ಕಳು ಹುಟ್ಟುವಾಗ ದಪ್ಪ. ಐದು ಮತ್ತು ಒಂಬತ್ತು ವರ್ಷಗಳ ವಯಸ್ಸಿನಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬೂ ಇನ್ಸುಲಿನ್ನಿನ ಪ್ರಮಾಣವೂ ಉಳಿದವರಿಗಿಂತ ಹೆಚ್ಚು. ಆ ಹೆಣ್ಣುಮಗು ಬೆಳೆದು ತಾನೂ ತಾಯಿಯಾದರೆ ಇದೇ ಚಕ್ರ ಮತ್ತೊಂದು ಸುತ್ತು ತಿರುಗುವ ಭಯವಿದೆ. ಬೀಜದಿಂದ ವೃಕ್ಷ, ವೃಕ್ಷದಿಂದ ಬೀಜ ಎಂಬ ನ್ಯಾಯ ತರ್ಕದ ಪುಸ್ತಕದಿಂದಿಳಿದು ತೊಟ್ಟಿಲಿಗೆ ಬಂದಂತಾಯಿತು.

ಇದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಆ ಗರ್ಭಿಣಿಯರಲ್ಲಿ ನೂರಕ್ಕೆ ೪೩ ಮಂದಿಗೆ ಬಿ ಹನ್ನೆರಡು ಎಂಬ ಜೀವಸತ್ವದ ಕೊರತೆಯಿತ್ತು. ಕೊರತೆಯಿದ್ದವರಲ್ಲಿ ದಪ್ಪ ಮೈಯೂ ಇನ್ಸುಲಿನ್ನಿಗೆ ಮಣಿಯದ ಸ್ಥಿತಿಯೂ ಹೆಚ್ಚಾಗಿದ್ದವು. ಈ ಸತ್ವವು ಧಾನ್ಯದಲ್ಲಿಲ್ಲ, ಕಾಯಿಪಲ್ಲೆಯಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ ಮೊದಲಾದವುಗಳಿಂದ ಮಾತ್ರ ದೊರೆಯತಕ್ಕದ್ದು. ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆಯಾಯಿತೆಂದು ತಿಳಿಯಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನೆರೆಯ ಮಹಾರಾಷ್ಟ್ರದ ಪುಣೆಯಲ್ಲಿ ಡಾ॥ ಚಿತ್ತರಂಜನ ಯಾಜ್ಞಿಕರು ಇದಕ್ಕೆ ಪೂರಕವಾದ ಕೆಲಸವನ್ನು ಮಾಡಿದ್ದಾರೆ. ಪುಣೆಯ ಸುತ್ತಣ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ೨.೭ ಕಿಲೋಗ್ರಾಂ, ಸೌತಾಂಪ್ಟನ್ನಿನ ಶಿಶುಗಳದು ೩.೫. ತೂಕ, ತೋಳು, ಹೊಟ್ಟೆಯ ಅವಯವಗಳು ಎಲ್ಲವೂ ಕಡಿಮೆ. ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಕೃಶವಾಗಿ ಕಾಣುವ ಶಿಶುವಿನೊಳಗೆ ಮೇದಸ್ಸು ಕುಳಿತಿದೆ. ೨೦೦೪ರಲ್ಲಿ ಯಾಜ್ಞಿಕರು ತಮ್ಮನ್ನೇ ಉದಾಹರಣೆಯಾಗಿಟ್ಟರು. ಯಡ್ಕಿನ್ ಎಂಬ ಆಂಗ್ಲ ಮಿತ್ರರ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಭಾವಚಿತ್ರವನ್ನು ಅಚ್ಚುಮಾಡಿಸಿ, ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರಿಗೂ ಸರಿಯಾಗಿ ೨೨.೩ ಎಂದೂ, ಮೈಯೊಳಗಿನ ಕೊಬ್ಬು ಮಾತ್ರ ಮಿತ್ರರಿಗೆ ನೂರಕ್ಕೆ ೯.೧, ತಮಗೆ ೨೧.೨ ಎಂದೂ ತೋರಿಸಿದರು. ಹುಲಿಕೆರೆಯ ಯಜಮಾನರ ಬಡಕಲು ಮೈಯನ್ನು ನೋಡಿ ಆಶ್ಚರ್ಯಪಟ್ಟವರು ಈ ಭಾವಚಿತ್ರವನ್ನು ನೋಡಬೇಕು.

ಮಗಳು ಇಷ್ಟನ್ನೂ ಹೇಳಿ ಮುಗಿಸಿದಾಗ ಯಜಮಾನರ ಮುಖದಲ್ಲಿ ಒಂದು ಬಗೆಯ ಬಿಡುಗಡೆ ಕಾಣಿಸಿತು. ಕಳ್ಳತನದಿಂದ ತಿಂದವನೆಂಬ ಅಪವಾದ ತೊಲಗಿತೆಂಬ ಸಮಾಧಾನ ಅದು. ಆದರೆ ಕಂಬಕ್ಕೆ ಒರಗಿ ಕುಳಿತಿದ್ದ ಅವರ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಎಪ್ಪತ್ತೆಂಟು ವರ್ಷದ ಮುದುಕಿ. ಕೊನೆಗೆ ಮೊಮ್ಮಗಳ ಕಡೆಗೆ ತಿರುಗಿ, 'ಹಾಗಾದ್ರೆ ಇದು ನನ್ನಿಂದ್ಲೇ ಬಂತೇನೆ?' ಎಂದು ಕೇಳಿದಳು.

ಹಜಾರದಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಒಬ್ಬನ ಹೆಗಲಿನಿಂದ ಇಳಿಸಿದ ಹೊರೆ ಇನ್ನೊಬ್ಬಳ ಹೆಗಲಿಗೆ, ಅದೂ ಹೆತ್ತವಳ ಹೆಗಲಿಗೆ, ಬಂದು ಬಿದ್ದಿತ್ತು.

ಮುದುಕಿ ತಾನಾಗಿಯೇ ಹೇಳಿದಳು. ಮಗ ಹುಟ್ಟಿದುದು ೧೯೬೬ರಲ್ಲಿ. ಅವಳಿಗೆ ಆಗ ಹತ್ತೊಂಬತ್ತು ವರ್ಷ. ಆ ವರ್ಷವೂ ಅದರ ಹಿಂದಿನ ವರ್ಷವೂ ಮಳೆ ಕೈಕೊಟ್ಟ ಕಾಲ. ದೇಶಕ್ಕೆ ಅಮೆರಿಕದಿಂದ ಹಡಗುಗಳಲ್ಲಿ ಗೋದಿ ಬರುತ್ತಿದ್ದ ಕಾಲ. ಮನೆಯಲ್ಲಿ ಹದಿನಾಲ್ಕು ಜನ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ನಾದಿನಿಯರು ಉಂಡು, ಆಮೇಲೆ ಸೊಸೆ. ಪಾತ್ರೆಯ ತಳದಲ್ಲಿ ಉಳಿದ ಮುದ್ದೆಗೆ ಸಾರಿನ ನೀರು. ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂದು ಹಿರಿಯರು ಹೇಳುತ್ತಿದ್ದರು. ಅದೂ ಒಂದು ನೆಪವಾಯಿತು. ಹಾಲಿತ್ತು, ಆದರೆ ಮಾರುವುದಕ್ಕೆ. ದಿನ ತುಂಬುವವರೆಗೆ ಬಾವಿಯಿಂದ ನೀರು ಹೊತ್ತಳು, ಕಳೆ ಕಿತ್ತಳು. ಮನೆಯಲ್ಲಿಯೇ ಹೆರಿಗೆಯಾಯಿತು, ಮೊರದಲ್ಲಿ ಮಲಗಿಸಿದರೆ ಮೊರವೇ ದೊಡ್ಡದಾಗಿ ಕಾಣುತ್ತಿತ್ತಂತೆ ಕೂಸು. ತೂಗಿದವರಾರೂ ಇಲ್ಲ. ಹುಲಿಕೆರೆಯ ಕಲ್ಯಾಣಿ ಕಟ್ಟಿದ ಕಾಲವನ್ನು ಹೇಳಬಹುದು. ಆ ಊರಿನಲ್ಲಿ ೧೯೬೬ರಲ್ಲಿ ಹುಟ್ಟಿದ ಮಗುವೊಂದರ ತೂಕವನ್ನು ಹೇಳಲು ಯಾವ ಆಧಾರವೂ ಇಲ್ಲ.

ಮುದುಕಿಯ ಪ್ರಶ್ನೆಗೆ ಉತ್ತರ ಕೊಡಬೇಕಾದುದು ನ್ಯಾಯ. ಅದನ್ನು ಎರಡು ಭಾಗಮಾಡಿ ನೋಡಬೇಕು.

ಮೊದಲನೆಯದು ಲೆಕ್ಕದ ಮಾತು. ಸ್ಥಾಲೀಪುಲಾಕನ್ಯಾಯವೆಂದು ಒಂದುಂಟು: ಮಡಕೆಯ ಒಂದು ಅಗುಳನ್ನು ಹಿಸುಕಿ ನೋಡಿ ಎಲ್ಲ ಅನ್ನವೂ ಬೆಂದಿದೆಯೆಂದು ತಿಳಿಯುವುದು. ಮೈಸೂರಿನ ಸಂಶೋಧಕರು ಐನೂರು ಅಗುಳುಗಳನ್ನು ನೋಡಿ ಮಡಕೆಯ ಸ್ಥಿತಿಯನ್ನು ತಿಳಿದರು. ಆದರೆ ಈ ನ್ಯಾಯವನ್ನು ತಿರುಗಿಸಿ ಹಿಡಿಯಲು ಬರುವುದಿಲ್ಲ. ಮಡಕೆಯ ಗುಣದಿಂದ ಇಂಥ ಒಂದು ಅಗುಳು ಹೀಗೇ ಇದೆಯೆಂದು ಹೇಳಲಾಗದು. ಹಗುರವಾಗಿ ಹುಟ್ಟಿದ ನೂರು ಮಂದಿಯಲ್ಲಿ ಹನ್ನೊಂದು ಮಂದಿಗೆ ರೋಗವಿದ್ದರೆ ಎಂಬತ್ತೊಂಬತ್ತು ಮಂದಿಗೆ ಇರಲಿಲ್ಲವಷ್ಟೆ. ಭಾರವಾಗಿ ಹುಟ್ಟಿದವರಲ್ಲಿಯೂ ಮೂವರಿಗೆ ಬಂದಿತು. ವಂಶ, ವಯಸ್ಸು, ರಕ್ತದ ಒತ್ತಡ, ಹೊಗೆಸೊಪ್ಪು, ಊಟ, ಮನಸ್ಸಿನ ಕಳವಳ, ಇವೆಲ್ಲ ಸೇರಿ ಒಬ್ಬ ಮನುಷ್ಯನ ರೋಗವಾಗುತ್ತದೆ. ಇವುಗಳಲ್ಲಿ ಒಂದೆಳೆಯನ್ನು ಎಳೆದು, ಇದೇ ಕಾರಣವೆಂದು ಮುದುಕಿಯ ಕೈಗೆ ಕೊಡುವ ಅಧಿಕಾರ ಯಾವ ಶಾಸ್ತ್ರಕ್ಕೂ ಇಲ್ಲ.

ಎರಡನೆಯದು ಧರ್ಮದ ಮಾತು. ಆ ಎಳೆಯೂ ಕಾರಣಗಳಲ್ಲಿ ಒಂದಾಗಿದ್ದರೂ, ಹತ್ತೊಂಬತ್ತು ವರ್ಷದ ಸೊಸೆ ತನ್ನ ಪಾಲನ್ನು ತಾನೇ ಕಡಿಮೆ ಮಾಡಿಕೊಂಡಳೇ? ಹಸಿದವಳನ್ನು ಹಸಿವಿನ ಫಲಕ್ಕೆ ಹೊಣೆಮಾಡುವುದು ಸಾಲಗಾರನ ತಪ್ಪಿಗೆ ಸಾಲ ಕೊಟ್ಟವನನ್ನು ಬಂದೀಖಾನೆಗೆ ಕಳುಹಿಸಿದಂತೆ. ಅವಳು ಕೊಟ್ಟವಳು, ತನ್ನ ಎಲೆಯಿಂದ ಹದಿಮೂರು ಎಲೆಗಳಿಗೆ ಬಡಿಸಿದವಳು. ಹೊಣೆ ಮಳೆಯದು, ಬಡತನದ್ದು. ಇವೆರಡಕ್ಕಿಂತ ಹೆಚ್ಚಾಗಿ ಎಲೆ ಹಾಕುವ ಕ್ರಮವನ್ನು ಧರ್ಮವೆಂದು ನಂಬಿದ ಮನೆತನಗಳದು. ಸುಶ್ರುತನು ಗರ್ಭಿಣಿಯನ್ನು ದೌಹೃದಿನಿ ಎಂದು ಕರೆದಿದ್ದಾನೆ. ಎರಡು ಹೃದಯವುಳ್ಳವಳು, ಆಕೆ ಬಯಸಿದುದನ್ನು ಇಲ್ಲವೆನ್ನಬಾರದು, ಇಲ್ಲವೆಂದರೆ ಮಗುವಿಗೆ ಊನವಾದೀತೆಂದು ಅವನ ಮತ. ಬಸುರಿಯ ಬಯಕೆ, ಸೀಮಂತ ಎಂಬ ಆಚಾರಗಳೆಲ್ಲ ಆ ತಿಳಿವಳಿಕೆಯ ಕುರುಹುಗಳೇ. ಕಾಲಕ್ರಮದಲ್ಲಿ ಒಂದು ದಿನದ ಬಯಕೆಯ ಊಟವು ಉಳಿದು, ಇನ್ನೂರ ಎಪ್ಪತ್ತು ದಿನಗಳ ಊಟವು ಮರೆತುಹೋಯಿತು. ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಮರುದಿನದಿಂದ ಮತ್ತೆ ಕೊನೆಯ ಪಂಕ್ತಿ.

ಮೊಮ್ಮಗಳು ಈ ಮಾತುಗಳನ್ನೆಲ್ಲ ಇಷ್ಟು ಕ್ರಮವಾಗಿ ಹೇಳಲಿಲ್ಲ. ಅಜ್ಜಿಯ ಹತ್ತಿರ ಹೋಗಿ ಕುಳಿತು, 'ನಿನ್ನಿಂದ ಅಲ್ಲ, ನಿನಗೆ ಯಾರೂ ಬಡಿಸಲಿಲ್ಲವಲ್ಲ, ಅದರಿಂದ' ಎಂದಳು. ಇಷ್ಟರಲ್ಲಿ ಎಲ್ಲವೂ ಅಡಗಿತ್ತು.

ಸಂಶೋಧನೆಯ ಬೆಲೆ ಹಿಂದಿನದನ್ನು ಅಳೆಯುವುದರಲ್ಲಿ ಮಾತ್ರವಲ್ಲ, ಮುಂದಿನದನ್ನು ತಿದ್ದುವುದರಲ್ಲಿದೆ. ಭಾರತದಲ್ಲಿ ೧೦ ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಗಣತಿಯೊಂದು ತಿಳಿಸಿತು. ಇಷ್ಟು ಜನಕ್ಕೆ ಔಷಧ ಕೊಡುವುದು ಅವಶ್ಯವೇ; ಹುಟ್ಟತಕ್ಕವರನ್ನು ರಕ್ಷಿಸುವುದು ಅದಕ್ಕಿಂತ ಅವಶ್ಯ. ಮುಂಬಯಿಯ ಬಡ ಬಡಾವಣೆಗಳಲ್ಲಿ ಈ ದಿಕ್ಕಿನಲ್ಲಿ ಒಂದು ಪ್ರಯೋಗ ನಡೆಯಿತು. ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಹೆಂಗಸರಿಗೆ, ಗರ್ಭ ನಿಲ್ಲುವುದಕ್ಕೆ ಮುಂಚಿನಿಂದಲೇ, ದಿನವೂ ಕೊಟ್ಟರು. ೨೦೧೪ರಲ್ಲಿ ಬಂದ ಫಲವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದಾದರೆ, ಎಲ್ಲರನ್ನೂ ಸೇರಿಸಿ ನೋಡಿದಾಗ ಶಿಶುವಿನ ತೂಕದಲ್ಲಿ ಗಣನೀಯ ಭೇದ ಕಾಣಲಿಲ್ಲ. ಬಸುರಿಗೆ ಮೂರು ತಿಂಗಳಾದರೂ ಮುಂಚಿನಿಂದ ತಿಂದವರಲ್ಲಿ ಮಾತ್ರ ೪೮ ಗ್ರಾಂ ಹೆಚ್ಚಳ ಕಂಡಿತು. ಬಹಳ ಸೊರಗಿದ ತಾಯಂದಿರಿಗೆ ಲಾಭ ಕಡಿಮೆಯೇ. ಆದರೆ ಬಸುರಿನ ಮಧುಮೇಹವು, ಆ ತಿಂಡಿ ತಿಂದವರಲ್ಲಿ ನೂರಕ್ಕೆ ೭.೩, ತಿನ್ನದವರಲ್ಲಿ ೧೨.೪. ಇದರಿಂದ ತಿಳಿಯಬೇಕಾದುದೇನು? ಸೀಮಂತದ ದಿನ ಬಡಿಸಿದರೆ ತಡವಾಯಿತು. ಮಗುವಿನ ಪೋಷಣೆ ತಾಯಿಯಾಗಲಿರುವ ಹುಡುಗಿಯ ಎಲೆಯಿಂದಲೇ ಮೊದಲಾಗಬೇಕು.

ಇದಕ್ಕೆ ಹುಲಿಕೆರೆಯಂಥ ಊರಿನಲ್ಲಿ ಪರದೇಶದ ಪದಾರ್ಥವೇನೂ ಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರ ನಲವತ್ತು ಮಿಲಿಗ್ರಾಮಿಗೂ ಮೀರಿದ ಸುಣ್ಣದ ಸತ್ವವಿದೆ. ನಯ ಮಾಡಿದ ಅಕ್ಕಿಯಲ್ಲಿ ಅದರ ಮೂವತ್ತರಲ್ಲೊಂದು ಪಾಲೂ ಇಲ್ಲ. ಹುರುಳಿಯ ಐದರಲ್ಲೊಂದು ಭಾಗಕ್ಕೂ ಹೆಚ್ಚು ಮಾಂಸಪೋಷಕ ಸತ್ವ. ಬೇಲಿಯ ನುಗ್ಗೆಸೊಪ್ಪು, ಹೊಲದ ಅಣ್ಣೆಸೊಪ್ಪು, ಹಿತ್ತಲಿನ ಹರಿವೆ. ಆದರೂ ರಾಗಿಯನ್ನು ದೇವರು ಮಾಡಿ ಪೂಜಿಸುವುದು ಬೇಡ. ರಾಗಿ ತಿಂದ ಮಾತ್ರಕ್ಕೆ ಮಧುಮೇಹ ಹೋಗುತ್ತದೆಂದು ಸಾರತಕ್ಕವರು ಈಗ ಊರಿಗೊಬ್ಬರು ಇದ್ದಾರೆ. ರಾಗಿಯೂ ಪಿಷ್ಟವೇ, ದೊಡ್ಡ ಮುದ್ದೆಯೊಡನೆ ಮಿಳ್ಳೆಯಷ್ಟು ಸಾರಾದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಾಗಿ, ಕಾಳೂ ಸೊಪ್ಪೂ ದೊಡ್ಡದಾಗಬೇಕು. ರಾಗಿಯಲ್ಲಿಲ್ಲದ ಬಿ ಹನ್ನೆರಡನ್ನು ಹಾಲು ಮೊಸರುಗಳು, ಒಪ್ಪುವವರಿಗೆ ಮೊಟ್ಟೆ, ಕೊಡಬೇಕು. ಬೆಳಗಿನ ಜಾವವೇ ಹಾಲೆಲ್ಲ ಡೈರಿಯ ಕ್ಯಾನಿಗೆ ಹೋಗಿ, ಮನೆಯ ಬಸುರಿಗೆ ಸಕ್ಕರೆ ಹಾಕಿದ ಕರಿಯ ಕಾಫಿ ಉಳಿಯುವ ಮನೆಗಳು ಈಗಲೂ ಇಲ್ಲದಿಲ್ಲ.

ಸರ್ಕಾರವೂ ಕಣ್ಣು ಮುಚ್ಚಿ ಕುಳಿತಿಲ್ಲ. ಕರ್ನಾಟಕದಲ್ಲಿ ೨೦೧೭ರಲ್ಲಿ ಮಾತೃಪೂರ್ಣವೆಂಬ ಯೋಜನೆ ಮೊದಲಾಗಿ, ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಏರ್ಪಾಡಾದುವು. ಅಲ್ಲಿಗೆ ಹೋಗಿ ಉಣ್ಣಲು ಮನೆತನದ ಮರ್ಯಾದೆ ಅಡ್ಡಬಂದಿತೆಂದು ಹೇಳಿದವರುಂಟು. ಮರ್ಯಾದೆಗೆ ಅಷ್ಟು ಅಂಜತಕ್ಕ ಮನೆಗಳು ತಮ್ಮ ಅಡಿಗೆಮನೆಯಲ್ಲಿಯೇ ಆ ಊಟವನ್ನು ಮೊದಲ ಪಂಕ್ತಿಯಲ್ಲಿ ಬಡಿಸಿದರೆ ಯಾರೂ ಬೇಡವೆನ್ನರು.

ಆ ಮನೆಯಲ್ಲಿ ಆಗ ಸೊಸೆಗೆ ಮೂರು ತಿಂಗಳು. ಮಗಳು ಮೈಸೂರಿಗೆ ಹಿಂದಿರುಗುವ ಮುನ್ನ ಅತ್ತಿಗೆಯನ್ನು ಕರೆದುಕೊಂಡು ಹೋಗಿ ರಕ್ತವನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ, ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿದಳು. ಯಜಮಾನರು ವೈದ್ಯರು ಹೇಳಿದ ಮಾತ್ರೆಗಳನ್ನು ನಿಯಮವಾಗಿ ನುಂಗುತ್ತ, ಸಂಜೆ ಕಲ್ಯಾಣಿಯವರೆಗೆ ನಡೆದು ಬರುವುದನ್ನು ರ‍ೂಢಿ ಮಾಡಿಕೊಂಡರು.

ಮಗಳು ಹೊರಟ ದಿನ ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವಾಗ ಮುದುಕಿ ಎದ್ದು ಬಂದಳು. ಗಂಡಸರು ಕೈ ತೊಳೆದುಕೊಂಡು ಬರುತ್ತಿದ್ದರು. ಅವಳು ಗೋಡೆಯ ಪಕ್ಕದ ಮೊದಲನೆಯ ಮಣೆಯ ಮೇಲೆ ಸೊಸೆಯ ಹೆಂಡತನದ ಹುಡುಗಿಯನ್ನು, ಎಂದರೆ ಮೊಮ್ಮಗನ ಕೈಹಿಡಿದವಳನ್ನು, ಕೂರಿಸಿ, ಎಲೆಯ ಮೇಲೆ ಮೊದಲು ಸೊಪ್ಪಿನ ಪಲ್ಯ, ಆಮೇಲೆ ಕಾಳು, ಆಮೇಲೆ ಒಂದು ಪುಟ್ಟ ಮುದ್ದೆ, ಪಕ್ಕದಲ್ಲಿ ಬಟ್ಟಲು ತುಂಬ ಗಟ್ಟಿ ಮೊಸರು ಇಟ್ಟಳು. ಹುಡುಗಿ ಸಂಕೋಚದಿಂದ ಏಳಲು ಹೋದಳು. 'ಕೂತ್ಕೋ, ಇವತ್ತಿನಿಂದ ಈ ಮನೇಲಿ ಹೀಗೇ' ಎಂದಳು ಮುದುಕಿ. ಯಜಮಾನರು ಏನೂ ಹೇಳದೆ ಬಾಗಿಲಿನಲ್ಲಿಯೇ ನಿಂತು, ಆ ಎಲೆಗೆ ಬಡಿಸಿ ಮುಗಿಯುವವರೆಗೂ ಕಾದರು.